ಯಾರು ಕುಡಿದದ್ದು

ಎಡಗಣ್ಣಿನ ಗಾಜನ್ನು ಬಲಗಣ್ಣಿನ ಜಾಗಕ್ಕೆ ಕೂರಿಸಿಬಿಟ್ಟಿದ್ದಳು. ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ, ಗಾಜಿನ ಅಂಚು ಉಜ್ಜುವ ಯಂತ್ರದ ಮುಂದೆ ಇಷ್ಟು ವರ್ಷ ಕೂತವಳು ಮಾಡುವ ತಪ್ಪಲ್ಲ ಇದು. ಹೊಸದಾಗಿ ಸೇರಿದವರೂ ಮೊದಲ ವಾರ ಕಳೆದ ಮೇಲೆ ಮಾಡುವುದಿಲ್ಲ. ಗಾಜನ್ನು ಬಿಡಿಸಿ, ಒರೆಸಿ, ಬೆಳಕಿಗೆ ಹಿಡಿದಳು. ಅದರಾಚೆ ಗೋಡೆ ಗಡಿಯಾರ ಊದಿಕೊಂಡು ಕಂಡಿತು. ಹನ್ನೊಂದಕ್ಕೆ ಮಗಳ ಶಾಲೆಯಲ್ಲಿರಬೇಕು. ಬೆಳಿಗ್ಗೆ ಗಂಡ ಬಸ್ ಡಿಪೋಗೆ ಹೊರಡುವಾಗ ಬಗ್ಗಿ ಷೂ ಲೇಸು ಕಟ್ಟಿಕೊಳ್ಳುತ್ತ, ಮುಖ ಎತ್ತದೆಯೇ ಹೇಳಿದ್ದ: “ನೀನು ಹೆತ್ತಿಲ್ಲ ಅಂತ ಹೇಳ್ಬಿಡು. ಅಲ್ಲಿಗೆ ಎಲ್ಲರ ಬಾಯಿ ಮುಚ್ಚುತ್ತೆ.” ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ, ಪಾಪ. ಆ ಒಳ್ಳೆಯ ಮನಸ್ಸೇ ಬೆಳಿಗ್ಗೆಯಿಂದ ಅವಳ ಮೈ ಉರಿಸುತ್ತಿತ್ತು. ಹೆತ್ತಿಲ್ಲ ಅಂದರೆ ಬಾಯಿ ಮುಚ್ಚುವುದಿಲ್ಲ, ಬಾಯಿ ಇನ್ನೊಬ್ಬಳ ಕಡೆ ತಿರುಗುತ್ತದೆ. ಅಷ್ಟೂ ಗೊತ್ತಾಗುವುದಿಲ್ಲವೇ ಇವನಿಗೆ? ಇಲ್ಲ, ಗೊತ್ತಾಗಿಯೇ ಹೇಳಿದನೇ?

ಶಾಲೆಯವರು ಕರೆಸಿದ್ದು ಗಂಟೆಯ ವಿಷಯಕ್ಕೆ. ಮಗಳು ಬಟಾಣಿ, ಪರೀಕ್ಷೆಯ ನಡುವೆ ನೀರು ಕುಡಿದು ಬರುತ್ತೇನೆಂದು ಹೊರಗೆ ಹೋದವಳು, ಮುಖ್ಯೋಪಾಧ್ಯಾಯಿನಿಯ ಕೋಣೆಯ ಹೊರಗಿಟ್ಟಿದ್ದ ಹಿತ್ತಾಳೆಯ ಕೈಗಂಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಉದ್ದಕ್ಕೆ ಬಾರಿಸಿದ್ದಳು. ಬಟಾಣಿ ಎಂಬುದು ಹುಟ್ಟಿದಾಗ ಅಂಗೈಯಲ್ಲಿ ಹಿಡಿಯುವಷ್ಟಿದ್ದಳೆಂದು ಬಂದ ಹೆಸರು. ಹತ್ತು ತುಂಬಿದರೂ ಮೈ ತುಂಬಲಿಲ್ಲ, ಹೆಸರು ಹಾಗೇ ಉಳಿಯಿತು. ಗಂಟೆ ಕೇಳಿದ್ದೇ ತಡ, ಇಡೀ ಶಾಲೆ ಉತ್ತರ ಪತ್ರಿಕೆಗಳನ್ನು ಬಿಟ್ಟು ಹೋ ಎಂದು ಅಂಗಳಕ್ಕೆ ಬಂತು. ಕೆಲವರು ಬ್ಯಾಗು ಹೆಗಲಿಗೇರಿಸಿ ಸೀದಾ ಮನೆಗೇ ಹೋದರಂತೆ. ಯಾರು ಬಾರಿಸು ಅಂದದ್ದು ಎಂದು ಕೇಳಿದರೆ ಬಟಾಣಿ ನಗುತ್ತ, ಹೆಡ್ ಮಿಸ್ಸೇ ಅಂದ್ರು, ಎಂದಳಂತೆ. ಕೇಳಿದವರೇ ಹೆಡ್ ಮಿಸ್ಸು. ಫೋನಿನಲ್ಲಿ ಕ್ಲಾಸ್ ಟೀಚರ್ ಇದನ್ನು ಹೇಳಿದಾಗ ಅವಳಿಗೆ ಮೊದಲು ಬಂದದ್ದು ನಗು. ತುಟಿ ಕಚ್ಚಿ ತಡೆದುಕೊಂಡಳು. ಆ ಹೆಂಗಸು, ಸುಳ್ಳು ಹೇಳೋದು ನಿಮ್ಮ ಮಗಳಿಗೆ ನೀರು ಕುಡಿದಷ್ಟು ಸಲೀಸು, ಎಂದಾಗ ನಗು ಒಳಗೇ ಇಂಗಿತು. ಹೋದ ತಿಂಗಳು ಯಾರದೋ ಪೆನ್ಸಿಲ್ ಡಬ್ಬಿ, ಅದಕ್ಕೆ ಮೊದಲು ಯಾರದೋ ಸ್ವೆಟರು. ಅವರೇ ಕೊಟ್ಟರು ಎನ್ನುತ್ತಾಳೆ, ಮತ್ತು ಹಾಗೆ ಹೇಳುವಾಗ ಅವಳು ಅದನ್ನು ಪೂರ್ತಿ ನಂಬಿರುತ್ತಾಳೆ. ನೆನಪು ಹರಿದುಹೋದ ಕಡೆ ಕೈಗೆ ಸಿಕ್ಕಿದ ತುಂಡು ಹಾಕಿ ಹೊಲಿದುಕೊಳ್ಳುತ್ತಾಳೆ, ಅಷ್ಟೇ. ಆದರೆ ಶಾಲೆಯ ಲೆಕ್ಕದಲ್ಲಿ ಅದಕ್ಕೆ ಕಳ್ಳತನ, ಸುಳ್ಳು ಎಂಬ ಎರಡೇ ಹೆಸರು. ಇವತ್ತು ಸಮಿತಿಯ ಅಧ್ಯಕ್ಷರೂ ಬರುತ್ತಾರೆ, ಒಂದು ತೀರ್ಮಾನ ಆಗಿಬಿಡಲಿ ಎಂದಿದ್ದರು. ತೀರ್ಮಾನವೆಂದರೇನೆಂದು ಅವಳಿಗೆ ಗೊತ್ತು. ಇದಕ್ಕೆ ಮೊದಲು ಎರಡು ಶಾಲೆಗಳು ಇದೇ ಮಾತನ್ನು ಇದೇ ಸಿಹಿ ದನಿಯಲ್ಲಿ ಹೇಳಿ ಕೈ ತೊಳೆದುಕೊಂಡಿದ್ದವು. ಇಲ್ಲಿಂದಲೂ ಕಳಿಸಿದರೆ ಮಗುವನ್ನು ಮನೆಯಲ್ಲಿ ಕೂರಿಸಬೇಕು. ಈ ಶಾಲೆಯಲ್ಲಿ ತನ್ನ ಕ್ಲಾಸಿನ ಬಾಗಿಲು ಯಾವುದೆಂದು ಗುರುತು ಹಿಡಿಯಲು ಬಟಾಣಿಗೆ ಸುಮಾರು ಒಂದು ವರ್ಷ ಹಿಡಿದಿತ್ತು. ಈಗ ಯಾರ ಕೈಯನ್ನೂ ಹಿಡಿಯದೆ ಅಲ್ಲಿಗೆ ನಡೆದುಹೋಗುತ್ತಾಳೆ. ಅದನ್ನು ಯಾವ ಪರೀಕ್ಷೆಯಲ್ಲೂ ಕೇಳುವುದಿಲ್ಲ.

ಅಂಗಡಿಯ ಮಾಲೀಕನಿಗೆ ಹೇಳಿ ಹೊರಟಳು. ಮತ್ತೆ ಶಾಲೆನಾ, ಎಂದು ಅವನು ಹುಬ್ಬೇರಿಸಿದ. ಅವನ ಬಳಿಯೂ ಅವಳನ್ನು ಕುರಿತ ಒಂದು ನಗೆಚಾಟಿಕೆಯಿದೆ. ಬಟಾಣಿ ಒಂದನೇ ಕ್ಲಾಸಿನಲ್ಲಿ ಇವತ್ತು ಕಲಿತ ಅಕ್ಷರವನ್ನು ನಾಳೆ ಮೊದಲ ಸಲ ಕಂಡವಳ ಹಾಗೆ ನೋಡುತ್ತಿದ್ದಾಗ ಇವಳು ಮಾಡಿದ ಮೊದಲ ಕೆಲಸವೆಂದರೆ ಅಂಗಡಿಗೆ ಕರೆತಂದು ಕಣ್ಣು ಪರೀಕ್ಷೆ ಮಾಡಿಸಿದ್ದು. ಕಣ್ಣು ಸರಿಯಾಗಿತ್ತು. ನಂಬಲಿಲ್ಲ. ಇನ್ನೊಮ್ಮೆ ಮಾಡಿಸಿದಳು, ಇಲ್ಲದ ನಂಬರಿಗೆ ತಾನೇ ಗಾಜು ಉಜ್ಜಿ ಕೆಂಪು ಫ್ರೇಮಿನ ಕನ್ನಡಕ ಮಾಡಿಕೊಟ್ಟಳು, ಆಮೇಲೆ ನೀಲಿಯದು. ಸುತ್ತಿಗೆ ಹಿಡಿದವನಿಗೆ ಎಲ್ಲವೂ ಮೊಳೆ ಎಂದು ಯಾರಾದರೂ ಅಂದರೆ ಅನ್ನಲಿ, ಇವಳಿಗೆ ಗೊತ್ತಿದ್ದ ಕುರುಡು ಒಂದೇ ಬಗೆಯದು. ಮಗು ಎರಡೂ ಕನ್ನಡಕವನ್ನು ಖುಷಿಯಿಂದ ಹಾಕಿಕೊಂಡು ಓಡಾಡಿತು, ಒಂದನ್ನು ಬಸ್ಸಿನಲ್ಲಿ ಯಾರೋ ಅಪರಿಚಿತಳಿಗೆ ಉಡುಗೊರೆ ಕೊಟ್ಟುಬಂತು. ಮುಖ ಅಳೆಯುವುದೇ ಕಸುಬಾದ ತಾನು ಆ ಮುಖವನ್ನು ಎಷ್ಟು ಸಲ ಅಳೆದಿದ್ದಳು! ಕಣ್ಣಿನ ಸೀಳು ಚಿಕ್ಕದು, ಮೇಲ್ತುಟಿ ತೆಳ್ಳಗೆ, ಮೂಗಿನ ಕೆಳಗಿನ ಗೆರೆ ಯಾರೋ ಬೆರಳಿನಿಂದ ಒರೆಸಿದಷ್ಟು ನುಣುಪು. ಮುದ್ದಾಗಿದ್ದಾಳೆ ಎಂದುಕೊಂಡಿದ್ದಳು. ಈಗಲೂ ಮುದ್ದಾಗಿಯೇ ಇದ್ದಾಳೆ. ಆದರೆ ಆಸ್ಪತ್ರೆಯಲ್ಲಿ ಹಿರಿಯ ವೈದ್ಯರು ಆ ಮುಖವನ್ನು ಪೆನ್ನಿನ ತುದಿಯಿಂದ ತೋರಿಸುತ್ತ, ಸುತ್ತ ನಿಂತ ವಿದ್ಯಾರ್ಥಿಗಳಿಗೆ, ನೋಡಿ ಇಲ್ಲಿ, ಇಲ್ಲಿ, ಇಲ್ಲಿ, ಎಂದು ಹೇಳಿದಾಗಿನಿಂದ ಮಗಳ ಮುಖವನ್ನು ಸುಮ್ಮನೆ ನೋಡುವ ಸುಖವೂ ಹೋಯಿತು.

ಅದೇ ದಿನ ಆ ವೈದ್ಯರು ತಲೆ ಎತ್ತದೆ ಕೇಳಿದ್ದರು, ಬಸುರಿಯಾಗಿದ್ದಾಗ ಕುಡಿಯುತ್ತಿದ್ದಿರಾ ಎಂದು. ಊಟ ಆಯಿತಾ ಎಂದು ಕೇಳುವ ದನಿ. ವಿದ್ಯಾರ್ಥಿಗಳ ಕಣ್ಣು ಒಟ್ಟಿಗೆ ಅವಳ ಮೇಲೆ ಬಿತ್ತು. ಒಬ್ಬಳು ಹುಡುಗಿಯ ಮೂಗಿನ ಹೊಳ್ಳೆ ಸಣ್ಣಗೆ ಅಗಲವಾಯಿತು, ಈಗಲೂ ವಾಸನೆ ಬರುತ್ತದೇನೋ ಎಂದು ನೋಡುವಂತೆ. ಆಗ ಅವಳು ಹೇಳಿಬಿಟ್ಟಿದ್ದಳು: ನಾನು ಹೆತ್ತಿಲ್ಲ, ನನ್ನ ತಂಗಿ ಹೆತ್ತದ್ದು, ಹನ್ನೊಂದು ತಿಂಗಳ ಮಗುವಾಗಿದ್ದಾಗಿನಿಂದ ನಾನು ಸಾಕ್ತಾ ಇದೀನಿ. ಹೇಳಿದ್ದೇ ತಡ, ಕೋಣೆಯ ಹವೆಯೇ ಬದಲಾಯಿತು. ಅದೇ ಹುಡುಗಿ ಓಡಿಹೋಗಿ ಕುರ್ಚಿ ತಂದಳು. ವೈದ್ಯರು ತಲೆ ಎತ್ತಿದರು, ನಿಮ್ಮದು ದೊಡ್ಡ ಮನಸ್ಸು ಎಂದರು. ಆ ಕುರ್ಚಿಯಲ್ಲಿ ಕೂತು ಅವಳಿಗೆ ಹಿತವಾಯಿತು. ಆ ಹಿತವನ್ನು ನೆನೆದರೆ ಇವತ್ತಿಗೂ ಅಸಹ್ಯವಾಗುತ್ತದೆ. ತಂಗಿಯನ್ನು ಆ ಕೋಣೆಯಲ್ಲಿ ನೆಲಕ್ಕೆ ಹಾಸಿ ಅದರ ಮೇಲೆ ತಾನು ಕುರ್ಚಿ ಹಾಕಿಕೊಂಡು ಕೂತದ್ದು. ಆಮೇಲೆ ಒಬ್ಬ ಕಿರಿಯ ವೈದ್ಯೆ ಹೊರಗೆ ಬಂದು, ಮೆಟ್ಟಿಲ ಮೇಲೆ ಇವಳ ಪಕ್ಕದಲ್ಲೇ ಕೂತು, ನಿಧಾನವಾಗಿ ಬಿಡಿಸಿ ಹೇಳಿದ್ದಳು: ಗರ್ಭದಲ್ಲಿದ್ದಾಗ ಮದ್ಯ ತಗುಲಿ ಮೆದುಳಿಗೆ ಆದ ಪೆಟ್ಟು ಇದು, ಜೀವನಪೂರ್ತಿ ಇರುತ್ತೆ, ಇವಳದು ಹಟವಲ್ಲ, ಬೇಕೆಂದು ಮಾಡುವುದಲ್ಲ; ಒಂದು ಸಲಕ್ಕೆ ಒಂದೇ ಮಾತು ಹೇಳಿ, ದಿನಾ ಒಂದೇ ಥರ ನಡೆಸಿ, ಮರೆತದ್ದಕ್ಕೆ ಶಿಕ್ಷೆ ಕೊಡಬೇಡಿ. ಸುತ್ತಲಿನವರು ಬದಲಾದರೆ ಅವಳು ಎಷ್ಟೋ ಸುಧಾರಿಸುತ್ತಾಳೆ, ಎಂದೂ ಹೇಳಿದ್ದಳು. ಸುತ್ತಲಿನವರು ಬದಲಾಗುವುದಕ್ಕೆ ಔಷಧಿ ಯಾವ ಅಂಗಡಿಯಲ್ಲಿ ಸಿಗುತ್ತದೆಂದು ಮಾತ್ರ ಹೇಳಲಿಲ್ಲ.

ಶಾಲೆಯ ಗೇಟಿನ ಬಳಿ ತಂಗಿ ಬಟಾಣಿಯ ಕೈ ಹಿಡಿದು ನಿಂತಿದ್ದಳು. ಬರಬೇಡ ಎಂದಿದ್ದಳು ಇವಳು. ಮಗೂನ ಯಾರು ನೋಡ್ಕೋತಾರೆ, ನಾನು ಹೊರಗೇ ಕೂತಿರ್ತೀನಿ, ಎಂದು ಹಟ ಹಿಡಿದಿದ್ದಳು ಅವಳು. ಅದೂ ನಿಜವೇ, ಬಟಾಣಿಯನ್ನು ಒಬ್ಬಳನ್ನೇ ಬೆಂಚಿನ ಮೇಲೆ ಕೂರಿಸಿದರೆ ಯಾರು ಬಾ ಅಂದರೂ ಅವರ ಹಿಂದೆ ಹೋಗುತ್ತಾಳೆ. ಅಮ್ಮಾ, ಚಿಕ್ಕಮ್ಮ ನಂಗೆ ರಬ್ಬರು ಕೊಟ್ಳು, ಎಂದು ಬಟಾಣಿ ಓಡಿಬಂದು ಇವಳ ಸೊಂಟ ತಬ್ಬಿದಳು. ತಂಗಿ ದುಪಟ್ಟಾದ ತುದಿ ಸರಿಮಾಡಿಕೊಂಡು ಬೇರೆಲ್ಲೋ ನೋಡಿದಳು. ಕುಡಿತ ಬಿಟ್ಟು ವರ್ಷಗಳಾದವು, ಈಗ ಒಂದು ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ ವಿಂಗಡಿಸುತ್ತಾಳೆ. ಆದರೂ ಯಾರಾದರೂ ಹತ್ತಿರ ಬಂದರೆ ಉಸಿರು ಹಿಡಿದು ಮಾತಾಡುತ್ತಾಳೆ. ಬಂಧುಗಳ ಬಾಯಲ್ಲಿ ಅವಳಿಗೆ ಇವತ್ತಿಗೂ ಒಂದೇ ಹೆಸರು, ಕುಡುಕಿ. ಹೋದ ಸಲ ಚಿಕ್ಕಪ್ಪನ ಅರವತ್ತನೇ ಹುಟ್ಟುಹಬ್ಬದಲ್ಲಿ ಮಹಡಿಯ ಮೇಲೆ ಗಂಡಸರೆಲ್ಲ ಗ್ಲಾಸು ಹಿಡಿದು ಕೂತಿದ್ದರು, ಸೋದರಮಾವ ಮೆಟ್ಟಿಲಿಳಿಯಲಾರದೆ ಗೋಡೆ ತಬ್ಬಿಕೊಂಡು ಹಾಡು ಹೇಳುತ್ತಿದ್ದ, ಎಲ್ಲರೂ ಅದನ್ನು ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದರು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದ ತಂಗಿಯ ಕೈಯಿಂದ ಒಂದು ಲೋಟ ಜಾರಿ ಬಿತ್ತು. ಅತ್ತೆಯೊಬ್ಬಳು ಪಕ್ಕದವಳ ಕಡೆ ಬಗ್ಗಿ ಏನೋ ಅಂದಳು, ಇಬ್ಬರೂ ತಂಗಿಯ ಕೈ ನೋಡಿದರು, ನಡುಗುತ್ತಿದೆಯೇ ಎಂದು. ಮಾವನ ಕಾಲು ನಡುಗಿದರೆ ತಮಾಷೆ, ಇವಳ ಕೈಗೆ ಸೋಪು ಅಂಟಿದ್ದರೆ ಸಾಕ್ಷಿ.

ತಂಗಿಗೆ ಕುಡಿತ ಕಲಿಸಿದ್ದು ಸಂಬಳ. ಅದನ್ನು ಯಾರೂ ಹೇಳುವುದಿಲ್ಲ. ಅವಳು ಕೆಲಸಕ್ಕಿದ್ದ ಮದ್ಯದ ಕಾರ್ಖಾನೆಯಲ್ಲಿ ರುಚಿ ಕೋಣೆ ಎಂದೊಂದಿತ್ತು. ಬಿಳಿ ಗೋಡೆ, ಉದ್ದನೆಯ ಮೇಜು, ಪ್ರತಿಯೊಬ್ಬರ ಮುಂದೆ ಸಣ್ಣ ಗ್ಲಾಸುಗಳ ಸಾಲು. ಪ್ರತಿ ಪೀಪಾಯಿಯ ಸರಕನ್ನೂ ಮೂಸಿ, ಬಾಯಿಗೆ ಹಾಕಿ, ಇದು ಹಳೆಯದಕ್ಕೆ ಸರಿಹೊಂದುತ್ತದೆ, ಇದು ಹೊಂದುವುದಿಲ್ಲ ಎಂದು ಹೇಳುವುದು ಕೆಲಸ. ಉಗುಳಲು ಪಕ್ಕದಲ್ಲಿ ಬೋಗುಣಿ ಇರುತ್ತಿತ್ತು. ಆದರೆ ಆ ಕೋಣೆಯ ಮುಖ್ಯಸ್ಥನದು ಬೇರೆಯೇ ಪದ್ಧತಿ: ಕೊನೆಯ ರುಚಿ ಗಂಟಲಲ್ಲಿ ತಿಳಿಯುವುದು, ನುಂಗದವರು ಅರ್ಧ ಕೆಲಸಗಾರರು. ಉಗುಳುವವರನ್ನು ಎಲ್ಲರ ಮುಂದೆ ‘ಬಾಯಿ ಮುಕ್ಕಳಿಸೋರು’ ಎಂದು ಗೇಲಿ ಮಾಡುತ್ತಿದ್ದ. ತಂಗಿ ನುಂಗಿದಳು, ಎಲ್ಲರೂ ನುಂಗಿದರು. ಬಸುರಿಯಾದಳು, ಹೋಗಿ ಹೇಳಿದಳು. ಹೇಳಿರಲಿಲ್ಲವೆಂದಲ್ಲ! ಬಸುರಿಯರಿಗೆ ವಾಸನೆ ಹೆಚ್ಚು ತಿಳಿಯುತ್ತದಲ್ಲ, ಅದು ಮುಖ್ಯಸ್ಥನಿಗೂ ಗೊತ್ತಿತ್ತು. ಬೇರೆಯವರಿಗೆ ಹತ್ತದ ದೋಷವೆಲ್ಲ ಅವಳ ಮೂಗಿಗೆ ಹತ್ತತೊಡಗಿದಾಗ ಅವಳ ಮುಂದಿನ ಗ್ಲಾಸಿನ ಸಾಲನ್ನು ಇಮ್ಮಡಿ ಮಾಡಿದ, ನಿನ್ನ ಮೂಗಿಗೆ ಈಗ ಎರಡು ಜನದ ಬೆಲೆ ಎಂದು ಹೊಗಳಿದ. ಕಾರ್ಖಾನೆಯ ವೈದ್ಯ, ಅದೆಷ್ಟು ಮಹಾ, ಚಮಚದ ಲೆಕ್ಕ, ಒಳ್ಳೇ ನಿದ್ದೆ ಬರುತ್ತೆ, ಎಂದು ನಕ್ಕು ಕಳಿಸಿದ. ತಂಗಿ ಅದನ್ನೆಲ್ಲ ಸಂಭ್ರಮದಿಂದ ಇವಳಿಗೆ ಹೇಳಿದ್ದಳು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಅಕ್ಕಾ ನನ್ನ ಮೂಗಿಗೆ ಬಡ್ತಿ ಸಿಕ್ತು ಎಂದು. ಇವಳೂ ನಕ್ಕಿದ್ದಳು. ಹೆರಿಗೆಯ ಹೊತ್ತಿಗೆ ತಂಗಿಗೆ ಸಂಜೆಯಾದರೆ ಗ್ಲಾಸಿಲ್ಲದೆ ಆಗುತ್ತಿರಲಿಲ್ಲ. ಹೆತ್ತ ಮೇಲೆ ಮೂಗು ಮಾಮೂಲಿಯಾಯಿತು, ಕೆಲಸ ಹೋಯಿತು, ಗಂಡ ಹೋದ, ಗ್ಲಾಸು ಮಾತ್ರ ಉಳಿಯಿತು. ಆ ಮುಖ್ಯಸ್ಥನನ್ನು ಯಾವ ವೈದ್ಯರಾದರೂ ಕೂರಿಸಿ ಕೇಳಿದ್ದಾರೆಯೇ? ಓಡಿಹೋದ ಆ ಗಂಡನನ್ನು? ಪ್ರಶ್ನೆಯೆಲ್ಲ ಹೊಟ್ಟೆ ಇದ್ದವಳಿಗೆ.

ಶಾಲೆಯ ಪಡಸಾಲೆಯಲ್ಲಿ ಮಕ್ಕಳು ನೀರು ಹಿಡಿಯುವ ಹೊಸ ಯಂತ್ರವಿತ್ತು, ಅದರ ನೆತ್ತಿಯ ಮೇಲೆ ಕೊಡುಗೆ ಕೊಟ್ಟವರ ಫಲಕ. ಅದೇ ಕಾರ್ಖಾನೆ. ಎಷ್ಟೋ ಸಲ ಈ ಪಡಸಾಲೆಯಲ್ಲಿ ಓಡಾಡಿದ್ದಳು, ಕಂಡಿರಲಿಲ್ಲ. ತಂಗಿ ಕಂಡಿದ್ದಳೆಂದು ಕಾಣುತ್ತದೆ; ಅವಳು ಬಟಾಣಿಯನ್ನು ಯಂತ್ರದಿಂದ ದೂರದ ಬೆಂಚಿಗೆ ಕರೆದುಕೊಂಡು ಹೋಗಿ ಬೆನ್ನು ಹಾಕಿ ಕೂತಳು.

ಒಳಗೆ ಮೂವರಿದ್ದರು. ಫ್ಯಾನು ಕೆಟ್ಟಿದೆಯೆಂದು ಬಾಗಿಲನ್ನು ಅರ್ಧ ತೆರೆದೇ ಇಟ್ಟಿದ್ದರು. ಮುಖ್ಯೋಪಾಧ್ಯಾಯಿನಿ ಮೇಜಿನಾಚೆ, ಕ್ಲಾಸ್ ಟೀಚರ್ ಗೋಡೆಗೆ ಒರಗಿ, ಅಧ್ಯಕ್ಷರು ಕಿಟಕಿಯ ಪಕ್ಕದ ಒಳ್ಳೆಯ ಕುರ್ಚಿಯಲ್ಲಿ. ಅಧ್ಯಕ್ಷರ ಕನ್ನಡಕದ ಎಡ ಕಡ್ಡಿ ಸಡಿಲವಾಗಿ ಮೂಗಿನಿಂದ ಜಾರುತ್ತಿತ್ತು. ಇಂಥ ಹೊತ್ತಿನಲ್ಲೂ ಅವಳ ಕಣ್ಣು ಮೊದಲು ಅಲ್ಲಿಗೇ ಹೋಯಿತು. ಆಸ್ಪತ್ರೆಯವರು ಕೊಟ್ಟ ಕಾಗದವನ್ನು ಮೇಜಿನ ಮೇಲಿಟ್ಟಳು. ಕಿರಿಯ ವೈದ್ಯೆ ಹೇಳಿದ್ದೆಲ್ಲ ಅದರಲ್ಲಿತ್ತು: ಕ್ಲಾಸಿನಲ್ಲಿ ಒಂದೇ ಜಾಗ ಕೊಡುವುದು, ಚಿತ್ರ ತೋರಿಸಿ ಹೇಳುವುದು, ಗದ್ದಲವಾದರೆ ಸ್ವಲ್ಪ ಹೊತ್ತು ಹೊರಗೆ ಕೂರಿಸುವುದು. ಅಷ್ಟನ್ನು ಅವಳು ಮನೆಯಲ್ಲಿ ದಿನವೂ ಮಾಡುತ್ತಾಳೆ. ಬಚ್ಚಲ ಗೋಡೆಗೆ ಹಲ್ಲುಜ್ಜುವ ಚಿತ್ರ, ಬಾಗಿಲಿಗೆ ಬ್ಯಾಗಿನ ಚಿತ್ರ ಅಂಟಿಸಿದ ಮೇಲೆ ಬೆಳಗಿನ ರಂಪ ಅರ್ಧಕ್ಕರ್ಧ ನಿಂತಿದೆ. ಅದನ್ನೇ ಹೇಳಲು ಬಾಯಿ ತೆರೆದಳು. ಆದರೆ ಕಾಗದ ಕೈಯಿಂದ ಕೈಗೆ ಹೋಗುವಾಗ ಪ್ರತಿಯೊಬ್ಬರ ಕಣ್ಣೂ ಮದ್ಯವೆಂದು ಬರೆದಿದ್ದ ಒಂದೇ ಸಾಲಿನ ಮೇಲೆ ನಿಂತುಬಿಡುವುದನ್ನು ನೋಡಿದಳು. ಕ್ಲಾಸ್ ಟೀಚರ್ ಕಾಗದವನ್ನು ಒದ್ದೆಯಾದದ್ದೇನೋ ಎಂಬಂತೆ ತುದಿಬೆರಳಲ್ಲಿ ಹಿಡಿದು ಅಧ್ಯಕ್ಷರಿಗೆ ದಾಟಿಸಿದಳು. ಅವರು ಓದಿ, ಕನ್ನಡಕ ತೆಗೆದು, ನಿಟ್ಟುಸಿರು ಬಿಟ್ಟರು. ಕಾಲ ಕೆಟ್ಟುಹೋಯಿತೆಂದರು. ತಾಯಂದಿರೇ ಹೀಗಾದರೆ ಶಾಲೆ ಏನು ಮಾಡಬೇಕು, ಬೇರೆ ಮಕ್ಕಳ ಅಪ್ಪ ಅಮ್ಮಂದಿರಿಗೆ ತಾವು ಏನು ಉತ್ತರ ಕೊಡಬೇಕು ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದುಃಖವಿತ್ತು. ಸುಖವಾಗಿ ಕೂತು ಪಡುವ ದುಃಖ.

“ತಪ್ಪು ತಿಳ್ಕೋಬೇಡಿ,” ಎಂದರು ಅಧ್ಯಕ್ಷರು. “ಯಾರು ಕುಡಿದದ್ದು?”

ಒಂದು ಮಾತು ಹೇಳಿದರೆ ಸಾಕಿತ್ತು. ಮುಖ್ಯೋಪಾಧ್ಯಾಯಿನಿಯ ಮುಖವೂ ಆ ಒಂದು ಮಾತಿಗಾಗಿಯೇ ಕಾಯುತ್ತಿರುವಂತಿತ್ತು. ಆ ಹೆಂಗಸು ಕೆಟ್ಟವಳಲ್ಲ, ಕನಿಕರಪಡಲು ಒಂದು ಕಾರಣ ಬೇಕಿತ್ತು. ಗಂಡ ಹೇಳಿದ್ದು ಸರಿ, ಇಲ್ಲಿಗೆ ಮುಗಿಯುತ್ತಿತ್ತು, ಕುರ್ಚಿ ಬರುತ್ತಿತ್ತು, ದೊಡ್ಡ ಮನಸ್ಸು ಬರುತ್ತಿತ್ತು, ಸಾಕಿದವಳ ಮುಖ ನೋಡಿ ಮಗುವಿಗೂ ಒಂದಿಷ್ಟು ಜಾಗ ಸಿಗುತ್ತಿತ್ತೇನೋ. ನಡುಗುತ್ತಿದೆಯೇ, ನೋಡಿಕೊಳ್ಳಲಿ ಇವರು ಎಂದು ಇವಳು ಕೈಯನ್ನು ಮೇಜಿನ ಮೇಲೆಯೇ ಇಟ್ಟಳು.

“ನಾನೇ ಕುಡಿದದ್ದು,” ಎಂದಳು. “ಹೊಟ್ಟೆಯಲ್ಲಿ ಇವಳನ್ನ ಇಟ್ಕೊಂಡು ಕುಡಿದೆ. ತಿಳೀತಲ್ಲ? ನನಗೆ ಏನು ಅನ್ಬೇಕೋ ಅನ್ನಿ, ಕೂತು ಕೇಳ್ತೀನಿ. ಆಮೇಲೆ ಆ ಕಾಗದದಲ್ಲಿ ಉಳಿದ ಸಾಲು ಓದಿ. ಅದರಲ್ಲಿ ಮಗು ಏನು ತಪ್ಪು ಮಾಡಿದೆ ಅಂತ ನನಗೆ ತೋರಿಸಿ. ಗಂಟೆ ಬಾರಿಸಿದ್ಲು ಅಂತ ಅವಳನ್ನ ಹೊರಗೆ ಹಾಕೋದಾದ್ರೆ, ಗಂಟೆ ಎತ್ತರದಲ್ಲಿ ನೇತುಹಾಕೋಕೆ ಒಂದು ಮೊಳೆ ಸಾಕು. ಅವಳಿಗೆ ಇನ್ನೊಂದು ಶಾಲೆ ಇಲ್ಲ.”

ಅಧ್ಯಕ್ಷರು ಕನ್ನಡಕವನ್ನು ಮತ್ತೆ ಹಾಕಿಕೊಂಡರು, ಅದು ಮತ್ತೆ ಜಾರಿತು. ಸುಳ್ಳು ಹೇಳಿದೆ ಎಂದು ಅವಳಿಗೆ ಅನಿಸಲೇ ಇಲ್ಲ. ಬಾಯಿಂದ ಹೊರಬಿದ್ದ ಮೇಲೆ ಅದು ನಿಜದಷ್ಟೇ ಗಟ್ಟಿಯಾಗಿತ್ತು. ಮುಖ್ಯೋಪಾಧ್ಯಾಯಿನಿ ಕಾಗದವನ್ನು ತನ್ನ ಕಡೆ ಎಳೆದುಕೊಂಡು, ಈ ಸಲ ಕೆಳಗಿನ ತನಕ ಓದಿದಳು. ಬೇಕಾದಷ್ಟು ಹೊತ್ತು ತೆಗೆದುಕೊಂಡಳು. ವರ್ಷ ಮುಗಿಯುವ ತನಕ ಇರಲಿ, ಮುಂದಿನ ಸಾಲಿನಲ್ಲಿ ಕೂರಿಸಿ ನೋಡೋಣ, ಆಮೇಲೆ ಮತ್ತೆ ಕೂತು ಮಾತಾಡೋಣ ಎಂದಳು, ಅಧ್ಯಕ್ಷರ ಮುಖ ನೋಡದೆ. ಕ್ಲಾಸ್ ಟೀಚರ್ ಮೂಗು ಮುರಿದಳು. ಮುರಿಯಲಿ. ಇವಳು ಎದ್ದು ಕೈ ಮುಗಿದು ಹೊರಗೆ ಬಂದಳು. ಆಸ್ಪತ್ರೆಯಲ್ಲಿ ತಾನು ಕಳೆದ ತಂಗಿಯ ಮಾನವನ್ನು ಇವತ್ತು ವಾಪಸು ಕೊಟ್ಟೆ ಎಂದುಕೊಂಡಳು.

ತಂಗಿ ಬೆಂಚಿನಿಂದ ಎದ್ದು ನಿಂತಿದ್ದಳು. ಬಾಗಿಲು ಅರ್ಧ ತೆರೆದಿತ್ತಲ್ಲ, ಎಲ್ಲ ಕೇಳಿಸಿತ್ತು. ಬಟಾಣಿ ನೆಲದ ಮೇಲೆ ಕೂತು ರಬ್ಬರಿನಿಂದ ಟೈಲ್ಸಿನ ಕಲೆ ಅಳಿಸುತ್ತಿದ್ದಳು. ತಂಗಿಯ ಮುಖ ಬಿಳಿಚಿತ್ತು. ಅಳುತ್ತಾಳೆ, ಬಂದು ಕೈ ಹಿಡಿದುಕೊಳ್ಳುತ್ತಾಳೆ ಎಂದುಕೊಂಡಳು ಇವಳು. ಒಳಗೊಳಗೇ ಅದಕ್ಕೆ ಸಿದ್ಧಳೂ ಆದಳು.

“ಯಾರು ಕೇಳಿದ್ರು ನಿನ್ನ?” ಎಂದಳು ತಂಗಿ. ಉಸಿರು ಹಿಡಿಯದೆ, ಮುಖದ ಹತ್ತಿರಕ್ಕೇ ಬಂದು. “ಮಗೂನ ಕೊಟ್ಟೆ ನಿನಗೆ. ಅಮ್ಮ ಅನ್ನಿಸ್ಕೊಳ್ಳೋದನ್ನೂ ಕೊಟ್ಟೆ. ವಾರಕ್ಕೊಂದು ದಿನ ಬಂದು ಚಿಕ್ಕಮ್ಮ ಅನ್ನಿಸ್ಕೊಂಡು ಹೋಗ್ತೀನಿ. ಕುಡಿದದ್ದು ನಾನು, ಅಕ್ಕ. ಅವಳಿಗೆ ನಾನೇನು ಅಂತ ಹೇಳೋಕೆ ನನ್ನ ಹತ್ರ ಇರೋದು ಅದೊಂದೇ. ಅದನ್ನೂ ಕಿತ್ಕೊಂಡೆಯಾ?”

ನಿನಗೋಸ್ಕರ ಹೇಳಿದೆ ಎನ್ನಬೇಕೆಂದು ಬಾಯಿಯವರೆಗೆ ಬಂದದ್ದು ಅಲ್ಲೇ ಅಂಟಿಕೊಂಡಿತು. ಯಾಕೆಂದರೆ ಅದೂ ನಿಜವಾಗಿರಲಿಲ್ಲ. ಆ ಅಧ್ಯಕ್ಷನ ಮುಖಕ್ಕೆ ಹೊಡೆಯಲು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡಿದ್ದಳು, ಅಷ್ಟೇ. ಆ ಕೋಣೆಯಲ್ಲಿ ಎಲ್ಲರಂತೆ ತಾನೂ, ತಂಗಿಯೆಂಬವಳು ಹೊರಗಿನ ಬೆಂಚಿನ ಮೇಲೆ ಜೀವಂತ ಕೂತಿದ್ದಾಳೆಂಬುದನ್ನು ಮರೆತಿದ್ದಳು. ಈಗ ತಂಗಿ ಒಳಗೆ ಹೋದರೆ, ಅಕ್ಕ ಸುಳ್ಳು ಹೇಳಿದಳು ಅಂದರೆ, ಸಿಕ್ಕಿದ್ದೂ ಹೋಗಬಹುದು. ಇಡೀ ವಂಶವೇ ಸುಳ್ಳು ಹೇಳುವವರದು ಎಂದು ಅಧ್ಯಕ್ಷರು ಕೈ ಚೆಲ್ಲಬಹುದು. ತಂಗಿಯ ತೋಳಿನ ಕಡೆ ಕೈ ಚಾಚಿದಳು. ಹಿಡಿಯಲಿಲ್ಲ. ತಂಗಿ ದುಪಟ್ಟಾವನ್ನು ಹೆಗಲ ಮೇಲೆ ಎಳೆದುಕೊಂಡು ಬಾಗಿಲ ಹತ್ತಿರ ಹೋದಳು, ಅರ್ಧ ತೆರೆದಿದ್ದರೂ ತಟ್ಟಿದಳು, ಒಳಗಿನವರು ಬನ್ನಿ ಎನ್ನುವ ತನಕ ನಿಂತಳು, ಆಮೇಲೆ ಒಳಗೆ ಹೋಗಿ ಬಾಗಿಲನ್ನು ಪೂರ್ತಿ ಮುಚ್ಚಿಕೊಂಡಳು.

ಒಳಗಿನಿಂದ ಮಾತು ಬರುತ್ತಿತ್ತು, ಪದ ಬಿಡಿಸಿ ಕೇಳಿಸುತ್ತಿರಲಿಲ್ಲ. ತಂಗಿಯ ದನಿ ಒಂದೇ. ನಡುವೆ ಯಾರೂ ಬಾಯಿ ಹಾಕುತ್ತಿರಲಿಲ್ಲ. ಬಟಾಣಿ ಎದ್ದುಬಂದು ಇವಳ ಬೆರಳು ಹಿಡಿದುಕೊಂಡಳು.

“ಅಮ್ಮ, ಚಿಕ್ಕಮ್ಮ ಯಾಕೆ ಒಳಗೆ ಹೋದ್ಲು?”

“ನಿನ್ನ ವಿಷಯ ಮಾತಾಡೋಕೆ.”

ಬಟಾಣಿ ಮುಚ್ಚಿದ ಬಾಗಿಲನ್ನು ನೋಡಿದಳು. ಹುಬ್ಬು ಗಂಟಿಕ್ಕಿ, ಲೆಕ್ಕ ಬಿಡಿಸುವವಳ ಹಾಗೆ.

“ನನ್ನ ವಿಷಯ ಅವಳಿಗೇನು ಗೊತ್ತು?”

ಇವಳು ಬೆಂಚಿನ ಮೇಲೆ ಕೂತು, ಆ ಪುಟ್ಟ ಮುಖ ತನ್ನ ಮುಖಕ್ಕೆ ಸಮನಾಗುವಂತೆ ಹತ್ತಿರ ಎಳೆದುಕೊಂಡಳು. ಒಂದು ಸಲಕ್ಕೆ ಒಂದೇ ಮಾತು ಹೇಳಬೇಕಿತ್ತು.

“ನಾನು ನಿನ್ನ ನೋಡೋಕೆ ಮೊದಲೇ,” ಎಂದಳು, “ನೀನು ಅವಳಿಗೆ ಗೊತ್ತಿದ್ದೆ.”